ಸಂಘದ ಪುಸ್ತಕ

ಮೈಸೂರು ರಸ್ತೆಯ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರೂ, ಕೆಂಗೇರಿ ಉಪನಗರದ ಮನೆಗಳಲ್ಲಿ ಪಾತ್ರೆ ತೊಳೆದು ನೆಲ ಸಾರಿಸಿ ಜೀವಿಸುವ ಹೆಂಗಸರೂ "ಇವತ್ತು ಸಂಘ ಇದೆ" ಎಂದು ಹೇಳಿ ಬೇಗ ಹೊರಡುವುದನ್ನು ನಮ್ಮಲ್ಲಿ ಅನೇಕರು ಬಲ್ಲರು. ಆದರೆ ಆ ಸಂಘವು ಹೇಗೆ ಹುಟ್ಟಿತೆಂದು ವಿಚಾರಿಸಿದವರು ವಿರಳ.

ಟಿಬೆಟ್ಟಿನ ನಿರಾಶ್ರಿತರಿಗೆ ನೆಲೆ ಕಲ್ಪಿಸುವ ಸಲುವಾಗಿ 1968ರಲ್ಲಿ ಸ್ಥಾಪಿತವಾದ ಮೈರಾಡ ಸಂಸ್ಥೆಯು ಮುಂದೆ ಗ್ರಾಮೀಣ ಬಡವರ ಕಡೆಗೆ ತಿರುಗಿ, ಅವರಿಗಾಗಿ ದೊಡ್ಡ ಸಹಕಾರ ಸಂಘಗಳನ್ನು ಕಟ್ಟಿತ್ತು. 1980ರ ದಶಕದ ನಡುವೆ ಅವು ಒಬ್ಬಿಬ್ಬರು ಪ್ರಬಲರ ಕೈಗೆ ಸಿಕ್ಕಿ ಒಡೆಯತೊಡಗಿದಾಗ, ಹದಿನೈದಿಪ್ಪತ್ತು ಜನರ ಸಣ್ಣ ಗುಂಪುಗಳು ಸಂಸ್ಥೆಯವರ ಬಳಿಗೆ ಬಂದು, ಸಾಲವನ್ನು ನಿಮಗೆ ತೀರಿಸುತ್ತೇವೆ, ಆ ಸಂಘಕ್ಕೆ ಮಾತ್ರ ಕೊಡೆವು ಎಂದವು. ಹಾಗಾದರೆ ನಿಮ್ಮ ನಿಮ್ಮಲ್ಲೇ ತೀರಿಸಿಕೊಳ್ಳಿರೆಂದು ಸಂಸ್ಥೆಯವರು ಸೂಚಿಸಿದರು. ದೇಶವೆಲ್ಲ ಇಂದು ಸ್ವಸಹಾಯ ಗುಂಪೆಂದು ಕರೆಯುವುದರ ಒಂದು ಮುಖ್ಯ ಮೂಲ ಈ ಜಗಳದಲ್ಲಿದೆ. ಯಾವ ಪಂಡಿತರ ಯೋಜನೆಯಲ್ಲಿಯೂ ಅಲ್ಲ. 1987ರಲ್ಲಿ ಗ್ರಾಮೀಣಾಭಿವೃದ್ಧಿ ಬ್ಯಾಂಕಾದ ನಬಾರ್ಡ್ ಈ ಪ್ರಯೋಗಕ್ಕೆ ಹತ್ತು ಲಕ್ಷ ರೂಪಾಯಿ ನೀಡಿತು. 1992ರಲ್ಲಿ ಇಂಥ ಗುಂಪುಗಳಿಗೆ ಬ್ಯಾಂಕುಗಳು ನೇರವಾಗಿ ಸಾಲ ಕೊಡುವ ಏರ್ಪಾಡಾಯಿತು. 2000ದಲ್ಲಿ ನಮ್ಮ ರಾಜ್ಯ ಸರ್ಕಾರ ಹೆಂಗಸರ ಇಂಥ ಗುಂಪುಗಳಿಗಾಗಿ ಸ್ತ್ರೀಶಕ್ತಿ ಯೋಜನೆಯನ್ನು ಆರಂಭಿಸಿತು.

ಈ ಸಂಘಗಳ ರೀತಿ ಸರಳವಾದುದು. ಹತ್ತರಿಂದ ಇಪ್ಪತ್ತು ಹೆಂಗಸರು ಸೇರಿ ವಾರವಾರ ಇಂತಿಷ್ಟೆಂದು ಉಳಿತಾಯ ಕಟ್ಟುತ್ತಾರೆ. ಕೂಡಿದ ಹಣದಿಂದ, ಒಬ್ಬಳ ಮಗಳ ಶಾಲಾ ಶುಲ್ಕಕ್ಕೋ ಇನ್ನೊಬ್ಬಳ ಆಸ್ಪತ್ರೆಯ ಖರ್ಚಿಗೋ, ಯಾರ ಅಗತ್ಯ ಹೆಚ್ಚಿನದೆಂದು ತಾವೇ ಚರ್ಚಿಸಿ, ಪುಸ್ತಕದಲ್ಲಿ ಠರಾವು ಬರೆದು ಸಾಲ ಕೊಡುತ್ತಾರೆ. (ಆ ಪುಸ್ತಕ ಬರೆಯುವ ಹೊಣೆ ಎಷ್ಟೋ ಕಡೆ ಹೈಸ್ಕೂಲು ಓದುವ ಮಗಳೊಬ್ಬಳ ಪಾಲಿಗೆ ಬರುತ್ತದೆ, ಪಾಠದಲ್ಲಿ ಬೇಸರ ತರಿಸಿದ ಬಡ್ಡಿಯ ಲೆಕ್ಕ ಅವಳಿಗೆ ಅಲ್ಲಿ ತಟ್ಟನೆ ಅರ್ಥವಾಗುವುದುಂಟು.) ಬಡ್ಡಿಯ ದರ ಕಡಿಮೆಯೇನಲ್ಲ, ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ವಿಧಿಸುವ ಸಂಘಗಳು ಬಹಳ, ಆದರೆ ಆ ಬಡ್ಡಿ ಮರಳಿ ಅವರದೇ ಗಂಟಿಗೆ ಸೇರುತ್ತದೆ.

ಬಾಂಗ್ಲಾದೇಶದಲ್ಲಿ ಮುಹಮ್ಮದ್ ಯೂನುಸ್ ಅವರು 1976ರಲ್ಲಿ ತೊಡಗಿದ, ಬಡವರಿಗೆ ಸಾಲ ಕೊಡುವ ಪ್ರಯೋಗ ಗ್ರಾಮೀಣ ಬ್ಯಾಂಕಾಗಿ ಬೆಳೆದು 2006ರಲ್ಲಿ ನೊಬೆಲ್ ಶಾಂತಿ ಪಾರಿತೋಷಕವನ್ನು ಪಡೆಯಿತು. ಅಲ್ಲಿ ಬ್ಯಾಂಕೇ ಬಡವಳ ಬಾಗಿಲಿಗೆ ಹೋಯಿತು. ಇಲ್ಲಿ ಬಡವಳು ಮೊದಲು ತನ್ನ ಉಳಿತಾಯವನ್ನು ಕೂಡಿಸಿಕೊಂಡು ಅನಂತರ ಬ್ಯಾಂಕಿನ ಮೆಟ್ಟಿಲು ಹತ್ತುತ್ತಾಳೆ. ನನ್ನ ಮಟ್ಟಿಗೆ ಎರಡನೆಯದೇ ಮೇಲು. ಸಾಲ ಯಾರಿಗೆ ಸಲ್ಲಬೇಕೆಂಬ ನಿರ್ಣಯಾಧಿಕಾರ ಇಲ್ಲಿ ಹೆಂಗಸರ ಕೈಯಲ್ಲಿರುತ್ತದೆ.

ಹಳ್ಳಿಯಲ್ಲಿ ಬೆಳೆದ ಈ ಪದ್ಧತಿ ನಗರದ ಅಂಚಿನಲ್ಲಿ ಸುಲಭವಾಗಿ ನಿಲ್ಲದು. ಬಾಡಿಗೆ ಏರಿದೊಡನೆ ಮನೆ ಬದಲಾಯಿಸುವವರ ನಡುವೆ ಪರಸ್ಪರ ನಂಬಿಕೆ ಬೇರೂರಲು ಕಾಲ ಬೇಕು. ಇದೂ ಅಲ್ಲದೆ, ಕಿರುಸಾಲ ಕಂಪನಿಗಳು ತಮ್ಮ ವಸೂಲಿಗಾಗಿ ಕಟ್ಟುವ ಗುಂಪುಗಳನ್ನೂ ಜನ ಸಂಘವೆಂದೇ ಕರೆಯುತ್ತಾರೆ. ಅಲ್ಲಿ ಸ್ವಂತ ಉಳಿತಾಯದ ಬಲವಿಲ್ಲ, ಕಂತು ತಪ್ಪಿದರೆ ಬಾಗಿಲಲ್ಲಿ ಕೂಗಾಟ. ಇಂಥ ಕಿರುಕುಳವನ್ನು ತಡೆಯಲು ರಾಜ್ಯ ಸರ್ಕಾರವು 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯನ್ನೇ ಹೊರಡಿಸಬೇಕಾಯಿತು.

ಉಪನಗರದ ಗೃಹಸ್ಥರಲ್ಲಿ ಒಂದು ವಿಜ್ಞಾಪನೆ: ನಿಮ್ಮ ಮನೆಗೆಲಸಕ್ಕೆ ಬರುವಾಕೆ ಸಂಘದ ದಿನ ಒಂದು ಗಂಟೆ ಮುಂಚೆ ಹೊರಡಬೇಕೆಂದರೆ, ಸಂಬಳ ಹಿಡಿಯದೆ ಕಳುಹಿಸಿಕೊಡಿ.