ಹಿಮದ ಬಯಲಿಗೆ ಕಟ್ಟಿದ ಬುತ್ತಿ

ಪ್ರಯಾಣದ ಹಿಂದಿನ ರಾತ್ರಿ ನಮ್ಮ ಮನೆಗಳಲ್ಲಿ ನಡೆಯುವ ಸಡಗರವನ್ನು ಯಾರು ಕಂಡಿಲ್ಲ? ಯಜಮಾನರು ರೈಲಿನ ಹೊತ್ತನ್ನು ಹತ್ತು ಬಾರಿ ನೋಡುತ್ತಾರೆ. ಗೃಹಿಣಿ ಚಕ್ಕುಲಿ, ಚಟ್ನಿಪುಡಿ, ಮೊಸರನ್ನದ ಡಬ್ಬಿಗಳನ್ನು ಜೋಡಿಸುತ್ತಾರೆ. ತುಂಬಿ ತುಳುಕುವ ಪೆಟ್ಟಿಗೆಯ ಮೇಲೆ ಕುಳಿತು ಅದರ ಬಾಯಿ ಮುಚ್ಚಿಸುವ ಕೆಲಸ ಮಕ್ಕಳದು. ಇಷ್ಟಾದರೂ ಏನಾದರೊಂದು ಮರೆತೇ ಹೋಗುತ್ತದೆ. ಮರೆತರೆ ಆಗುವ ನಷ್ಟವಾದರೂ ಎಷ್ಟು? ಇಳಿದ ಊರಿನಲ್ಲಿ ಅಂಗಡಿಯಿದೆ, ನೆಂಟರಿದ್ದಾರೆ, ಏನೂ ಇಲ್ಲದಿದ್ದರೆ ಛತ್ರವಾದರೂ ಇದೆ.

ಆದರೆ ಅಂಗಡಿಯಿಲ್ಲದ, ಮನೆಯಿಲ್ಲದ, ಒಂದು ಕಡ್ಡಿ ಸೌದೆಯೂ ಸಿಗದ ಕಡೆಗೆ ತಿಂಗಳುಗಟ್ಟಲೆ ಹೋಗಿ ಬಯಲಲ್ಲಿ ಮಲಗಬೇಕಾದವನು ಗಂಟು ಕಟ್ಟುವ ಬಗೆ ಬೇರೆ. ತಂದದ್ದೆಲ್ಲವೂ ಅವನ ಹೆಗಲಿಗೆ ಭಾರ. ತಾರದೆ ಬಿಟ್ಟದ್ದು ಅವನ ಪ್ರಾಣಕ್ಕೆ ಭಾರ. ಈ ಎರಡು ಭಾರಗಳ ನಡುವೆ ತಕ್ಕಡಿ ಹಿಡಿದು ಕುಳಿತವರಲ್ಲಿ ನಾರ್ವೆಯ ಫ್ರಿಟ್ಯೋಫ್ ನಾನ್ಸೆನ್ ಅಗ್ರಗಣ್ಯನು. 1888ರಲ್ಲಿ ಅವನು ಗ್ರೀನ್‌ಲ್ಯಾಂಡನ್ನು ಅಡ್ಡವಾಗಿ ದಾಟಲು ಹೊರಟಾಗ ಅವನ ವಯಸ್ಸು 26. ಬೆರ್ಗೆನ್ ನಗರದ ವಸ್ತು ಸಂಗ್ರಹಾಲಯದಲ್ಲಿ ಪ್ರಾಣಿಶಾಸ್ತ್ರ ವಿಭಾಗದ ಪಾಲಕನಾಗಿದ್ದ ಅವನು, ಜೀವಿಗಳ ನರಮಂಡಲದ ಮೇಲೆ ಬರೆದ ಪ್ರೌಢಪ್ರಬಂಧವನ್ನು ವಿದ್ವಾಂಸರ ಮುಂದೆ ಸಮರ್ಥಿಸಿ, ಕೆಲವೇ ದಿನಗಳಲ್ಲಿ, ಪದವಿ ದೊರೆಯಿತೋ ಇಲ್ಲವೋ ಎಂದು ತಿಳಿಯಲೂ ನಿಲ್ಲದೆ ಹೊರಟುಬಿಟ್ಟನು.

ಗ್ರೀನ್‌ಲ್ಯಾಂಡ್ ಜಗತ್ತಿನ ಅತಿ ದೊಡ್ಡ ದ್ವೀಪ. ಅದರ ಅಂಚಿನ ಕೆಲವು ಕಡೆ ಬಿಟ್ಟರೆ ಉಳಿದುದೆಲ್ಲ ಹಿಮಗಡ್ಡೆ. ಒಳನಾಡಿನಲ್ಲಿ ಅದರ ದಪ್ಪ ಮೂರು ಕಿಲೋಮೀಟರನ್ನೂ ಮೀರುವುದುಂಟು. ನಾನ್ಸೆನ್ನನಿಗಿಂತ ಮೊದಲು ಯಾರೂ ಅದನ್ನು ಈ ದಡದಿಂದ ಆ ದಡಕ್ಕೆ ದಾಟಿರಲಿಲ್ಲ. 1883ರಲ್ಲಿ ನೂರ್ಡೆನ್‌ಶಿಯೋಲ್ಡ್, 1886ರಲ್ಲಿ ಅಮೆರಿಕದ ಪಿಯರಿ, ಇಬ್ಬರೂ ಪಶ್ಚಿಮ ತೀರದಿಂದ ಒಳನಾಡಿಗೆ ನಡೆದು ಹಿಂದಿರುಗಿದ್ದರು. ಪಶ್ಚಿಮ ತೀರದಲ್ಲಿ ಜನವಸತಿಯಿತ್ತು. ಅಲ್ಲಿಂದ ಹೊರಡುವುದೇ ವಿವೇಕವೆಂದು ಎಲ್ಲರ ಎಣಿಕೆ.

ನಾನ್ಸೆನ್ ಈ ಎಣಿಕೆಯನ್ನು ತಲೆಕೆಳಗು ಮಾಡಿದನು. ಪಶ್ಚಿಮದಿಂದ ಹೊರಟವನು ನಿರ್ಜನವಾದ ಪೂರ್ವ ತೀರವನ್ನು ಮುಟ್ಟಿದರೂ ಅಲ್ಲಿ ಅನ್ನವಿಲ್ಲ, ಆಶ್ರಯವಿಲ್ಲ. ಬಂದ ದಾರಿಯನ್ನೇ ಮತ್ತೆ ತುಳಿದು ಮರಳಬೇಕು. ಎಂದರೆ ಬುತ್ತಿ ಎರಡು ಪಾಲು. ಪೂರ್ವದಿಂದ ಹೊರಟರೆ ಒಂದೇ ಪಾಲು ಸಾಕು. ದಾರಿಯ ಕೊನೆಯಲ್ಲಿ ಮನುಷ್ಯರಿರುತ್ತಾರೆ. ಲೆಕ್ಕ ಸರಳ, ಆದರೆ ಭಯಂಕರ. ಹಿಂದಿರುಗುವ ದಾರಿಯನ್ನು ಮೊದಲೇ ಕಡಿದುಕೊಂಡು ಹೊರಡುವ ಈ ಯೋಜನೆಯನ್ನು ಕೇಳಿ ಪತ್ರಿಕೆಗಳು ಹಾಸ್ಯ ಮಾಡಿದವು. ಬೆರ್ಗೆನ್ನಿನ ಒಂದು ವಿನೋದ ಪತ್ರಿಕೆಯಂತೂ, ಹಿಮದ ಬಿರುಕುಗಳಲ್ಲಿ ಪ್ರೇಕ್ಷಕರಿಗೆ ಆಸನಗಳಿವೆಯೆಂದೂ ಮರಳುವ ಟಿಕೆಟಿನ ಅವಶ್ಯಕತೆಯಿಲ್ಲವೆಂದೂ ಹುಸಿ ಜಾಹೀರಾತನ್ನೇ ಹಾಕಿತು. ನಾರ್ವೆಯ ಸರ್ಕಾರ ಅವನು ಕೇಳಿದ 5,000 ಕ್ರೋನರುಗಳನ್ನು ಕೊಡಲೊಪ್ಪಲಿಲ್ಲ. ಕೊಟ್ಟವನು ಕೋಪನ್‌ಹೇಗನ್ನಿನ ವರ್ತಕ ಗಮೇಲ್.

ಇನ್ನು ಸಾಮಾನುಗಳ ಮಾತು. ಹಿಂದಿನವರ ಜಾರುಬಂಡಿಗಳು ಭಾರವಾಗಿದ್ದವು; ಕಿರಿದಾದ ಪಟ್ಟಿಗಳು ಮೆದು ಹಿಮದಲ್ಲಿ ಹೂತುಹೋಗುತ್ತಿದ್ದವು. ನಾನ್ಸೆನ್ ತನ್ನ ಬಂಡಿಗಳಿಗೆ ಸ್ಕೀಗಳಂತೆ ಅಗಲವಾದ ಪಟ್ಟಿಗಳನ್ನಿಟ್ಟು, ಕೀಲುಗಳನ್ನು ಮೊಳೆ ಹೊಡೆಯದೆ ಹುರಿಯಿಂದ ಬಿಗಿಸಿದನು. ಮೊಳೆ ಹೊಡೆದ ಕೀಲು ಏಟಿಗೆ ಸೀಳುತ್ತದೆ, ಬಿಗಿದ ಕೀಲು ಬಾಗಿ ಉಳಿಯುತ್ತದೆ. ನಮ್ಮ ಹಳ್ಳಿಯ ಬಡಗಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮಲಗಲು ಹಿಮಸಾರಂಗದ ಚರ್ಮದ ಎರಡು ಚೀಲಗಳು, ಒಂದೊಂದರಲ್ಲಿ ಮೂವರು. ಆರು ಜನಕ್ಕೆ ಆರು ಚೀಲಗಳಾದರೆ ಭಾರ ಹೆಚ್ಚು, ಬಿಸಿ ಕಡಿಮೆ. ಅಡಿಗೆಗೆ ಮದ್ಯಸಾರದಿಂದ ಉರಿಯುವ ಒಲೆ. ಪಾತ್ರೆಯಲ್ಲಿ ಊಟ ಬೇಯುತ್ತಿರುವಾಗ, ಮೇಲಕ್ಕೇಳುವ ಬಿಸಿಗಾಳಿ ವ್ಯರ್ಥವಾಗದೆ ಇನ್ನೊಂದು ಪಾತ್ರೆಯ ಹಿಮವನ್ನು ಕರಗಿಸುವಂತೆ ಅದರ ರಚನೆ. ಒಲೆಗೆ ಮದ್ಯಸಾರವುಂಟು, ಕುಡಿಯಲು ಮದ್ಯ ಮಾತ್ರ ಒಂದು ತೊಟ್ಟೂ ಇಲ್ಲ. ಪಾದರಕ್ಷೆಯೊಳಗೆ ತುಂಬಲು ಸಾಮಿ ಜನರು ಬಳಸುವ ಒಣಹುಲ್ಲು. ಹಿಮದ ಪ್ರಖರ ಬೆಳಕಿಗೆ ಕಣ್ಣು ಕೆಡದಂತೆ ಕಪ್ಪು ಕನ್ನಡಕ. ಡೇರೆಯನ್ನೋ ಅವನು ಬಿಡಿ ಭಾಗಗಳಾಗಿ ಹೊಲಿಸಿ, ಹುರಿಯಿಂದ ಕೂಡಿಸಿ ಕಟ್ಟುವಂತೆ ಮಾಡಿಸಿದ್ದನು. ನೆಲಹಾಸೂ ಬೇರೆ ತುಂಡು. ಈ ನೆಲಹಾಸನ್ನು ವಾಚಕರು ನೆನಪಿನಲ್ಲಿಟ್ಟಿರಬೇಕು.

ಸಂಗಡಿಗರು ಐವರು. ನಾವಿಕನಾದ ಒಟ್ಟೊ ಸ್ವೆರ್‌ಡ್ರುಪ್, ಸೇನಾಧಿಕಾರಿ ಡೀಟ್ರಿಕ್‌ಸನ್, ಕ್ರಿಸ್ಟಿಯನ್‌ಸೆನ್ ಎಂಬ ರೈತಯುವಕ, ಉತ್ತರದ ಸಾಮಿ ಜನಾಂಗದ ಬಾಲ್ಟೊ ಮತ್ತು ರಾವ್ನ.

ಬುತ್ತಿಯಲ್ಲಿ ಬಿಸ್ಕತ್ತು, ಒಣರೊಟ್ಟಿ, ಚೀಸು, ಚಾಕೊಲೇಟು, ಸ್ವಲ್ಪ ಬೆಣ್ಣೆ ಇದ್ದವು. ಆದರೆ ಮುಖ್ಯ ಆಧಾರ ಪೆಮಿಕನ್ ಎಂಬ ಆಹಾರ. ಮಾಂಸವನ್ನು ಒಣಗಿಸಿ ಪುಡಿಮಾಡಿ, ಅದಕ್ಕೆ ಕರಗಿಸಿದ ಕೊಬ್ಬನ್ನು ಬೆರೆಸಿ ಗಟ್ಟಿ ಮಾಡುವ ಈ ಪದಾರ್ಥವನ್ನು ಉತ್ತರ ಅಮೆರಿಕದ ಮೂಲನಿವಾಸಿಗಳು ಕಂಡುಹಿಡಿದರು. ಕಡಿಮೆ ತೂಕದಲ್ಲಿ ಹೆಚ್ಚು ಶಕ್ತಿಯನ್ನು ಕೊಡುವುದು ಅದರ ಗುಣ. ಆ ಗುಣಕ್ಕೆ ಕಾರಣ ಕೊಬ್ಬು. ಒಂದು ಗ್ರಾಂ ಕೊಬ್ಬಿನಿಂದ ಸುಮಾರು ಒಂಬತ್ತು ಕ್ಯಾಲೊರಿ ಶಕ್ತಿ ದೊರೆತರೆ, ಅಷ್ಟೇ ತೂಕದ ಒಣಮಾಂಸದಿಂದಲೋ ರೊಟ್ಟಿಯಿಂದಲೋ ದೊರೆಯುವುದು ಅದರ ಅರ್ಧದಷ್ಟೂ ಅಲ್ಲ. ನಾನ್ಸೆನ್ ಇದನ್ನು ಬಲ್ಲವನೇ. ಒಬ್ಬ ತಯಾರಕನಿಗೆ ಪೆಮಿಕನ್ ಬೇಕೆಂದು ಹೇಳಿಕಳುಹಿಸಿದನು. ಪೆಮಿಕನ್ ಎಂದ ಮೇಲೆ ಕೊಬ್ಬು ಇದ್ದೇ ಇರುತ್ತದೆಂದು ಅವನು ಭಾವಿಸಿದ್ದನು. ತಯಾರಕನಾದರೋ ಬಹು ಶ್ರದ್ಧೆಯಿಂದ ಮಾಂಸದ ಕೊಬ್ಬನ್ನೆಲ್ಲ ತೆಗೆದುಹಾಕಿದ್ದನು! ವಿಷಯ ತಿಳಿದಾಗ ಸರಿಪಡಿಸಲು ಕಾಲ ಮೀರಿತ್ತು. ಬಂಡಿಯ ಒಂದೊಂದು ಕೀಲನ್ನೂ ತಾನೇ ನಿಂತು ಆಲೋಚಿಸಿದವನು ಊಟದ ಡಬ್ಬಿಯ ಮುಚ್ಚಳವನ್ನು ತೆರೆದು ನೋಡಲಿಲ್ಲ.

ಜುಲೈ 17ರಂದು, ಸೀಲ್ ಬೇಟೆಯ ‘ಯಾಸೊನ್’ ಹಡಗಿನಿಂದ ಅವರು ಎರಡು ದೋಣಿಗಳಲ್ಲಿ ಇಳಿದರು. ತೀರ ಕಣ್ಣಿಗೆ ಕಾಣುತ್ತಿತ್ತು. ಆದರೆ ತೇಲುವ ಹಿಮಗಡ್ಡೆಗಳ ನಡುವೆ ಸಿಲುಕಿ ಹನ್ನೆರಡು ದಿನ ದಕ್ಷಿಣಕ್ಕೆ ಕೊಚ್ಚಿಹೋದರು. ಸುಮಾರು 380 ಕಿಲೋಮೀಟರು ದೂರ. ಜುಲೈ 29ರಂದು ನೆಲ ಮುಟ್ಟಿ, ಮತ್ತೆ ಉತ್ತರಕ್ಕೆ ಹುಟ್ಟು ಹಾಕಿ, ಉಮಿವಿಕ್ ಎಂಬಲ್ಲಿಂದ ಹಿಮವನ್ನೇರಲು ತೊಡಗುವ ವೇಳೆಗೆ ಆಗಸ್ಟ್ ಅರ್ಧ ಕಳೆದಿತ್ತು. ಬೇಸಗೆಗೆಂದು ಹಾಕಿದ್ದ ಲೆಕ್ಕ ಚಳಿಗಾಲದ ಬಾಗಿಲಿಗೆ ಬಂದು ನಿಂತಿತು. ನಾಲ್ಕು ಬಂಡಿಗಳಲ್ಲಿ ತಲಾ ಸುಮಾರು ನೂರು ಕಿಲೋಗ್ರಾಂ. ಐದನೆಯದರಲ್ಲಿ ಅದರ ಇಮ್ಮಡಿ, ಅದನ್ನು ನಾನ್ಸೆನ್ ಮತ್ತು ಸ್ವೆರ್‌ಡ್ರುಪ್ ಜೊತೆಯಾಗಿ ಎಳೆದರು. ನಾಯಿಗಳಿಲ್ಲ, ಹಿಮಸಾರಂಗಗಳಿಲ್ಲ, ಎಳೆಯುವವರು ಮನುಷ್ಯರೇ. ಬಿರುಗಾಳಿಗಳಿಂದ ತಡವಾದಾಗ, ಸುಮಾರು 600 ಕಿಲೋಮೀಟರು ದೂರದ ಕ್ರಿಸ್ಟಿಯಾನ್‌ಹೋಬಿನ ಗುರಿಯನ್ನು ಬಿಟ್ಟು, ಅದಕ್ಕಿಂತ ನೂರೈವತ್ತು ಕಿಲೋಮೀಟರಿನಷ್ಟು ಹತ್ತಿರವಾದ ಗೋಡ್‌ಹೋಬಿನ ಕಡೆಗೆ ತಿರುಗಿದರು. ಹಟಕ್ಕಿಂತ ಲೆಕ್ಕ ದೊಡ್ಡದೆಂದು ತಿಳಿದವನು ಮಾಡಿದ ತೀರ್ಮಾನ ಅದು.

ಸೆಪ್ಟೆಂಬರ್ ಮೊದಲಲ್ಲಿ ಅವರು 2,700 ಮೀಟರಿಗೂ ಮಿಕ್ಕ ಎತ್ತರದಲ್ಲಿದ್ದರು. ರಾತ್ರಿಯ ಶೈತ್ಯ ಸೊನ್ನೆಗಿಂತ 40 ಡಿಗ್ರಿ ಕೆಳಗಿಳಿಯಿತು. ಸುತ್ತಲೂ ಕಣ್ಣೆಟುಕುವವರೆಗೆ ನೀರೇ, ಆದರೆ ಎಲ್ಲವೂ ಗಟ್ಟಿ. ಒಲೆಯ ಮದ್ಯಸಾರ ಅಳತೆಯದು. ಆದ್ದರಿಂದ ಚಪ್ಪಟೆ ಡಬ್ಬಿಗಳಲ್ಲಿ ಹಿಮ ತುಂಬಿ, ಅಂಗಿಯೊಳಗೆ ಎದೆಗವಚಿಕೊಂಡು, ಮೈಶಾಖದಿಂದ ಕರಗಿದ ಗುಟುಕು ನೀರಿಗಾಗಿ ಕಾಯುತ್ತಿದ್ದರು.

ಬಾಯಾರಿಕೆಗಿಂತಲೂ ಘೋರವಾದುದು ಕೊಬ್ಬಿನ ಹಸಿವು. ಹೊಟ್ಟೆ ತುಂಬ ಒಣಮಾಂಸ ತಿಂದರೂ ಮೈ ತಣಿಯದು. ತಲೆಗೆ ವಾರಕ್ಕೆ ಸುಮಾರು ಕಾಲು ಕಿಲೋಗ್ರಾಂ ಬೆಣ್ಣೆಯ ಪಡಿ. ಪಡಿ ಕೈಗೆ ಬಂದ ದಿನವೇ ಹಬ್ಬ. ಅದನ್ನು ರೊಟ್ಟಿಗೆ ಸವರುವ ತಾಳ್ಮೆ ಯಾರಿಗಿದೆ? ಗಡ್ಡೆಗಡ್ಡೆಯಾಗಿ ಹಾಗೆಯೇ ತಿನ್ನುತ್ತಿದ್ದರು. ಗಂಭೀರನೂ ಮಿತಭಾಷಿಯೂ ಆದ ಸ್ವೆರ್‌ಡ್ರುಪ್ ಒಂದು ದಿನ ಬಂದು, ಬೂಟುಗಳಿಗೆ ಸವರಲು ತಂದಿದ್ದ ಅಗಸೆಯೆಣ್ಣೆಯನ್ನು ಕುಡಿದರೆ ಅಪಾಯವೇ ಎಂದು ನಾನ್ಸೆನ್ನನನ್ನು ವಿಚಾರಿಸಿದನಂತೆ! ಬೆಣ್ಣೆ ತುಪ್ಪಗಳನ್ನು ಕಂಡರೆ ಬೆಚ್ಚುವ ಈ ಕಾಲದ ವಾಚಕರಿಗೆ ಇದು ವಿಚಿತ್ರವಾಗಿ ತೋರಬಹುದು. ದಿನವಿಡೀ ಬಂಡಿಯೆಳೆದು ಹಿಮದ ಮೇಲೆ ಮಲಗುವವನ ದೇಹ ಕೇಳುವುದೇ ಬೇರೆ.

ಸೆಪ್ಟೆಂಬರ್ 19ರಂದು ಪೂರ್ವದಿಂದ ಒಳ್ಳೆಯ ಗಾಳಿ ಬೀಸಿತು. ಈಗ ನೆಲಹಾಸಿನ ಸರದಿ. ಬಂಡಿಗಳನ್ನು ಜೋಡಿಸಿ, ಬಿದಿರುಗಳನ್ನು ನಿಲ್ಲಿಸಿ, ಡೇರೆಯ ನೆಲಹಾಸನ್ನು ಹಾಯಿಯಾಗಿ ಕಟ್ಟಿದರು. ಅಷ್ಟು ದಿನ ಮನುಷ್ಯರು ಎಳೆದ ಬಂಡಿ ಅಂದು ಮನುಷ್ಯರನ್ನೇ ಹೊತ್ತು ಇಳಿಜಾರಿನಲ್ಲಿ ಹಾರಿತು. ಮುಂದೆ ಹಿಮದ ಬಿರುಕುಗಳು ಬಾಯ್ದೆರೆದಿದ್ದುದು ಕತ್ತಲಲ್ಲಿ ಕಂಡದ್ದು ಅವರ ಪುಣ್ಯ. ಸೆಪ್ಟೆಂಬರ್ 24ರ ಹೊತ್ತಿಗೆ ಹಿಮ ಮುಗಿದು ಕಾಲಿಗೆ ಮಣ್ಣು ಸಿಕ್ಕಿತು.

ಆದರೆ ಗೋಡ್‌ಹೋಬ್ ಇನ್ನೂ ದೂರ. ನಡುವೆ ಕಡಿದಾದ ತೀರ, ಕೈಯಲ್ಲಿ ದೋಣಿಯಿಲ್ಲ. ತಂದಿದ್ದ ದೋಣಿಗಳು ಪೂರ್ವ ತೀರದಲ್ಲಿ ಉಳಿದಿದ್ದವು. ಅದೇ ನೆಲಹಾಸು ಮತ್ತೆ ಹೊರಬಂದಿತು. ಅಲ್ಲಿನ ಕುರುಚಲು ವಿಲೋ ಗಿಡಗಳ ಕೊಂಬೆಗಳನ್ನು ಬಾಗಿಸಿ ಪಕ್ಕೆಗಳನ್ನು ಮಾಡಿದರು. ನೆಲಹಾಸನ್ನು ಸುತ್ತ ಹೊಲಿದರು. ಬಿದಿರಿನ ತುದಿಗೆ ಕವೆಗೋಲು ಕಟ್ಟಿ, ಬಟ್ಟೆ ಬಿಗಿದು ಹುಟ್ಟುಗಳನ್ನು ಮಾಡಿದರು. ಹೀಗೆ ಹುಟ್ಟಿದ ದೋಣಿಯ ಉದ್ದ ಎರಡೂವರೆ ಮೀಟರು, ಇಬ್ಬರಿಗಷ್ಟೇ ಸ್ಥಳ. ಸೆಪ್ಟೆಂಬರ್ 29ರಂದು ನಾನ್ಸೆನ್ ಮತ್ತು ಸ್ವೆರ್‌ಡ್ರುಪ್ ಅದನ್ನೇರಿದರು. ನೀರು ಒಸರುತ್ತಲೇ ಇತ್ತು, ಮತ್ತೆ ಮತ್ತೆ ಮೊಗೆದು ಚೆಲ್ಲುತ್ತಲೇ ಇದ್ದರು. ಹೊಡೆದ ಕಡಲಹಕ್ಕಿಗಳೇ ಊಟ. ಅಕ್ಟೋಬರ್ 3ರಂದು ಗೋಡ್‌ಹೋಬನ್ನು ಮುಟ್ಟಿದಾಗ, ತೀರದಲ್ಲಿ ಎದುರಾದ ಡೇನಿಷ್ ಅಧಿಕಾರಿಯೊಬ್ಬನು ನಾನ್ಸೆನ್ನನಿಗೆ ಡಾಕ್ಟರ್ ಪದವಿ ಬಂದುದಕ್ಕಾಗಿ ಅಭಿನಂದನೆ ಹೇಳಿದನು.

ಹಿಂದೆ ಉಳಿದಿದ್ದ ನಾಲ್ವರನ್ನು ಕರೆತರಲು ದೋಣಿಗಳು ಹೋದವು. ಅಕ್ಟೋಬರ್ 12ರ ವೇಳೆಗೆ ಆರು ಜನವೂ ಕೂಡಿದರು. ಊರಿಗೆ ಮರಳುವ ಕೊನೆಯ ಹಡಗು ಮಾತ್ರ ಆಗಲೇ ಹೊರಟುಹೋಗಿತ್ತು. ಮುಂದಿನ ಹಡಗು ಬಂದದ್ದು 1889ರ ಏಪ್ರಿಲಿನಲ್ಲಿ.

ಇಂದು ನೂಕ್ ಎಂಬ ಹೆಸರಿನಿಂದ ಗ್ರೀನ್‌ಲ್ಯಾಂಡಿನ ರಾಜಧಾನಿಯಾಗಿರುವ ಆ ಊರಿನಲ್ಲಿ, ನಾನ್ಸೆನ್ ಆ ಚಳಿಗಾಲವನ್ನೆಲ್ಲ ಇನುಯಿಟ್ ಜನರ ನಡುವೆ ಕಳೆದನು. ಅವರ ಕಯಾಕ್ ದೋಣಿಯನ್ನು ನಡೆಸಲು ಕಲಿತನು, ಅವರೊಡನೆ ಬೇಟೆಗೆ ಹೋದನು, ಅವರ ಗುಡಿಸಲುಗಳಲ್ಲಿ ಕುಳಿತು ಅವರ ಊಟವನ್ನು ಉಂಡನು. ಆ ಗುಡಿಸಲುಗಳಲ್ಲಿ ಒಲೆಗೆ ಸೌದೆಯಿರಲಿಲ್ಲ, ಮದ್ಯಸಾರವಿರಲಿಲ್ಲ. ಕಲ್ಲಿನ ಹಣತೆಯಲ್ಲಿ ಉರಿಯುತ್ತಿದ್ದುದು ಸೀಲಿನ ಕೊಬ್ಬು. ಅತಿಥಿಯ ಮುಂದೆ ಪ್ರೀತಿಯಿಂದ ಇಡುತ್ತಿದ್ದುದು ಕೊಬ್ಬಿನೊಡನೆ ಹಸಿಯಾಗಿಯೇ ಕೊಯ್ದ ತಿಮಿಂಗಿಲದ ಚರ್ಮ. ನಾನ್ಸೆನ್ ಅದನ್ನು ಬಹಳ ರುಚಿಯೆಂದು ಹೊಗಳಿ ತಿಂದನು.