ಬಚ್ಚಲುಮನೆಯಲ್ಲಿ ವಾಮನ

ಬಚ್ಚಲುಮನೆಯ ಮೇಲೂ ಒಂದು ಲೇಖನವೇ ಎಂದು ವಾಚಕರು ಹುಬ್ಬೇರಿಸಬಹುದು. ದೇವರಮನೆ, ಅಡುಗೆಮನೆ, ಹಜಾರಗಳಿಗೆ ದೊರೆತ ಗೌರವ ಈ ಬಡಪಾಯಿ ಕೋಣೆಗೆ ದೊರೆತದ್ದಿಲ್ಲ. ನಾನಾದರೂ ಬರೆಯುತ್ತಿರಲಿಲ್ಲ, ಮೂರು ವರ್ಷದ ನನ್ನ ಮೊಮ್ಮಗ ಒಂದು ಬೆಳಗ್ಗೆ ಅದರೊಳಕ್ಕೆ ಹೋಗಿ ಚಿಲಕ ಹಾಕಿಕೊಂಡುದರಿಂದ ಬರೆಯಬೇಕಾಯಿತು.

ಹಾಕುವುದನ್ನು ಬಲ್ಲವನಿಗೆ ತೆಗೆಯುವುದು ತಿಳಿಯದು. ಒಳಗೆ ನಲ್ಲಿ ಸುರಿಯುತ್ತಿತ್ತು, ಕೆಳಗೆ ಬಕೆಟ್ಟು ತುಂಬುತ್ತಿತ್ತು. "ಮೇಲಕ್ಕೆ ಎತ್ತು ಕಂದಾ" ಎಂದು ಅವನಜ್ಜಿ, "ಪಕ್ಕಕ್ಕೆ ಎಳಿ ಪುಟ್ಟಾ" ಎಂದು ಸೊಸೆ. ಒಳಗಿನಿಂದ ಮೊದಲು ನಗು ಕೇಳಿಸಿತು, ಆಮೇಲೆ ಅಳು, ಆಮೇಲೆ ಏನೂ ಇಲ್ಲ. ಆ ನಿಶ್ಶಬ್ದವನ್ನು ನಾನು ಇನ್ನೂ ಮರೆತಿಲ್ಲ. ಮಗ ಹಾರೆಯಿಂದ ಮೀಟಿ ಚಿಲಕ ಮುರಿದಾಗ ಹುಡುಗ ಬಾಗಿಲಿಗೇ ಒರಗಿ ಕುಳಿತು ಬೆರಳು ಚೀಪುತ್ತಿದ್ದ. ಒಳಕ್ಕೆ ತೆರೆಯುವ ಬಾಗಿಲು ಅದು. ಅವಸರದಲ್ಲಿ ಪೂರ್ತಿ ತಳ್ಳಿದ್ದರೆ ಅವನ ತಲೆಗೇ ಬಡಿಯುತ್ತಿತ್ತು.

ಮರುವಾರವೇ ಮೇಸ್ತ್ರಿಯನ್ನು ಕರೆಸಿದೆ. ಕೋಣೆಯ ಅಳತೆ 5 ಅಡಿಗೆ 7 ಅಡಿ, ಗೋಡೆ ಸರಿಸುವಂತಿಲ್ಲ. ಅವರು ಟೇಪು ಬಿಚ್ಚುತ್ತಿದ್ದಾಗ ನಾನು ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಸುತ್ತಲೂ ನೋಡಿದೆ. ಕನ್ನಡಿ, ಸೋಪು, ಟವೆಲು ಎಲ್ಲವೂ ಆಕಾಶದಲ್ಲಿದ್ದುವು. ಕೈಗೆಟುಕುವಂತಿದ್ದುದು ಬಿಸಿನೀರಿನ ನಲ್ಲಿ, ಫಿನಾಯಿಲ್ ಸೀಸೆ, ತುಂಬಿದ ಬಕೆಟ್ಟು. ಮೂರಡಿಯ ವಾಮನನಿಗೆ ನಾವು ಇಟ್ಟಿದ್ದ ಮೂರು ಲೋಕಗಳು ಇವು!

ನನ್ನ ಬಾಲ್ಯದ ಬಚ್ಚಲಲ್ಲಿ ಹಂಡೆಯ ನೀರು ಕುದಿಯುತ್ತಲೇ ಇರುತ್ತಿತ್ತು. ಆದರೆ ಅದನ್ನು ತೋಡಿ ಬೆರೆಸುವವಳು ಅಮ್ಮ. ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಕೊನೆಗೆ ಮೊಣಕೈ ಅದ್ದಿ ಪರೀಕ್ಷೆ. ಗೀಜರಿಗೆ ಅಮ್ಮನಿಲ್ಲ. 60 ಡಿಗ್ರಿ ಸೆಲ್ಸಿಯಸ್ ಕಾವಿನ ನೀರು ದೊಡ್ಡವರ ಚರ್ಮವನ್ನೇ ಸುಮಾರು 5 ಸೆಕೆಂಡುಗಳಲ್ಲಿ ಸುಡಬಲ್ಲುದು. ಎಳೆಯ ಚರ್ಮಕ್ಕೆ ಅಷ್ಟು ಹೊತ್ತೂ ಬೇಡ. 50ರ ಆಸುಪಾಸಿಗೆ ಇಳಿಸಿದರೆ ದೊಡ್ಡವರಿಗಾದರೆ ನಿಮಿಷಗಳೇ ಹಿಡಿಯುತ್ತವೆ, ಮಗುವಿಗೂ ಕೈ ಹಿಂದೆಗೆಯಲು ಒಂದಿಷ್ಟು ಬಿಡುವು ಸಿಗುತ್ತದೆ. ಗೀಜರಿನ ತಿರುಪನ್ನು ಅಲ್ಲಿಗೆ ನಿಲ್ಲಿಸಿ, ಅದರ ಸ್ವಿಚ್ಚನ್ನು ಹೊರಗೋಡೆಗೆ ಹಾಕಿಸಿದೆವು. ಬಕೆಟ್ಟಿಗೆ ಇಳಿಬಿಡುವ ಕಾಯಿಸುವ ಕಂಬಿಯನ್ನು ಮನೆಯಿಂದಲೇ ಹೊರಹಾಕಿದೆ. ಅದರ ವಿಷಯದಲ್ಲಿ ನನಗೆ ಯಾವ ದಾಕ್ಷಿಣ್ಯವೂ ಇಲ್ಲ.

ಬಕೆಟ್ಟಿನ ಸಂಗತಿಯನ್ನು ಬಹಳ ಮಂದಿ ನಂಬುವುದಿಲ್ಲ. ಎಳೆಮಗುವಿನ ತಲೆ ಮೈಯ ಪ್ರಮಾಣಕ್ಕೆ ಬಲು ಭಾರ. ಬಗ್ಗಿ ನೋಡುತ್ತ ಮುಗ್ಗರಿಸಿದರೆ ತಾನಾಗಿ ಮೇಲೇಳಲಾರದು. ಎರಡಂಗುಲ ನೀರೂ ಪ್ರಾಣಕ್ಕೆ ಸಾಕು, ಸದ್ದೂ ಆಗುವುದಿಲ್ಲ. ಈಗ ನಮ್ಮಲ್ಲಿ ಸ್ನಾನವಾದೊಡನೆ ಬಕೆಟ್ಟನ್ನು ಬೋರಲು ಹಾಕುವುದು ನಿಯಮ.

ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿದ್ದರಿಂದ ಒಳಗಿನ ಜಾಗವೂ ಉಳಿಯಿತು. ಚಿಲಕ ಐದಡಿ ಎತ್ತರಕ್ಕೆ ಏರಿತು. ನುಣುಪು ಟೈಲ್ಸು ಕಿತ್ತು ತರಿತರಿಯಾದದ್ದನ್ನು ಹಾಕಿಸಿ, ನೀರು ನಿಲ್ಲದಂತೆ ಮೋರಿಯತ್ತ ಇಳಿಜಾರು ಕೊಡಿಸಿದೆ. ಫಿನಾಯಿಲ್ ಮೇಲಿನ ಗೂಡು ಸೇರಿ ಬೀಗ ಹಾಕಿಸಿಕೊಂಡಿತು.

ಮೇಸ್ತ್ರಿಗೂ ನನಗೂ ವಾದ ಬಿದ್ದುದು ಕೈತೊಳೆಯುವ ಬೇಸಿನ್ನಿನ ವಿಷಯದಲ್ಲಿ. "ಮಗುವಿಗೇಂತ ಕೆಳಗೆ ಕೂರಿಸಿಬಿಡೋಣ ಸ್ವಾಮಿ, ಇಲ್ಲವಾದರೆ ಒಂದು ಮೆಟ್ಟಿಲು ಕಟ್ಟಿಬಿಡೋಣ" ಎಂದರು. ಹುಡುಗ ಬೆಳೆಯುತ್ತಾನೆ, ಸಿಮೆಂಟು ಬೆಳೆಯುವುದಿಲ್ಲವಲ್ಲ! ಅಪಾಯದ ವಸ್ತುಗಳನ್ನು ಶಾಶ್ವತವಾಗಿ ಕಟ್ಟಬೇಕು, ಅನುಕೂಲದ ವಸ್ತುಗಳು ಬೇಕೆಂದಾಗ ಸರಿಯುವಂತಿರಬೇಕು ಎಂಬುದು ನನ್ನ ವಾದ. ಬೇಸಿನ್ನು 32 ಅಂಗುಲದಲ್ಲೇ ಉಳಿಯಿತು. ಅದರಡಿಗೆ ರಬ್ಬರ್ ಪಾದಗಳ ಅಗಲವಾದ ಒಂದು ಮಣೆ ಬಂತು. ಮೇಸ್ತ್ರಿ ಒಪ್ಪಿದರೋ, ನನ್ನ ವಯಸ್ಸಿಗೆ ಮರ್ಯಾದೆ ಕೊಟ್ಟರೋ ತಿಳಿಯದು.

ಕಡೆಯಲ್ಲಿ, ಉಳಿದ ಎರಡು ತಿರುಪುಗಳಲ್ಲಿ ಮೂರಡಿ ಎತ್ತರಕ್ಕೆ ಒಂದು ಗೂಟ ಹೊಡೆಸಿದೆ. ಅದು ಮೊಮ್ಮಗನದು. ತನ್ನ ಪುಟ್ಟ ಟವೆಲನ್ನು ತಾನೇ ತೆಗೆದು ತಾನೇ ನೇತುಹಾಕುತ್ತಾನೆ. ಮೊನ್ನೆ ಭುಜದ ನೋವಿನಿಂದ ಕೈ ಮೇಲೆತ್ತಲಾರದೆ ನನ್ನ ಟವೆಲನ್ನೂ ಅಲ್ಲಿಗೇ ಹಾಕಿದೆ. ಹುಡುಗ ಅದನ್ನು ತೆಗೆದುಕೊಂಡು ಬಂದು, "ತಾತ, ನಿಂಗೆ ಬೇರೆ ಹೊಡಿಸ್ಕೋ" ಎಂದ.