ಉಕ್ಕಿನ ಮೇಲಿನ ಅಂಕೆ

ಋಷಿಮೂಲ, ನದೀಮೂಲಗಳನ್ನು ಕೆದಕಬಾರದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ಹಳೆಯ ಪಿಸ್ತೂಲುಗಳನ್ನು ಸಂಗ್ರಹಿಸುವವರ ಲೋಕದಲ್ಲಿ ಮೂಲವನ್ನು ಕೆದಕುವುದೇ ಮೊದಲ ಕೆಲಸ. ಆಯುಧದ ಅಂದಚೆಂದವನ್ನು ಅವರು ಆಮೇಲೆ ನೋಡುತ್ತಾರೆ. ಮೊದಲು ಭೂತಗನ್ನಡಿ ಹಿಡಿದು ಉಕ್ಕಿನ ಮೇಲೆ ಒತ್ತಿರುವ ಕ್ರಮಸಂಖ್ಯೆಯನ್ನು ಓದುತ್ತಾರೆ. ಶಾಸನ, ಓಲೆಗರಿಗಳ ಪಾಠ ಹೇಳುತ್ತ ಆಯುಷ್ಯ ಕಳೆದ ನನಗೆ ಆಯುಧದ ಮೋಹವೇನೂ ಇಲ್ಲ. ಆದರೂ ಈ ವಿದ್ಯೆ ನನ್ನ ಕುತೂಹಲವನ್ನು ಕೆರಳಿಸಿತು. ಕಾಲನಿರ್ಣಯ, ಪಾಠಶುದ್ಧಿ, ಕೂಟಶಾಸನ ಎಂದು ನಾವು ಬಳಸುವ ಮಾತುಗಳಿಗೆಲ್ಲ ಅಲ್ಲಿ ಒಂದೊಂದು ಪ್ರತಿರೂಪವಿದೆ.

ಅಂಕೆ ಇದ್ದ ಮಾತ್ರಕ್ಕೆ ಅರ್ಥ ತಾನಾಗಿ ಹೊಳೆಯದು. ಶಾಸನದಲ್ಲಿ ವರ್ಷದ ಸಂಖ್ಯೆಯಿದ್ದರೂ ಅದು ಶಕವರ್ಷವೋ ಚಾಲುಕ್ಯ ವಿಕ್ರಮ ವರ್ಷವೋ ಎಂದರಿಯದೆ ಕಾಲವನ್ನು ಹೇಳಲಾದೀತೆ? ಪಿಸ್ತೂಲಿನದೂ ಅದೇ ಕಥೆ. 1847ರಲ್ಲಿ, ಮೆಕ್ಸಿಕೋ ಯುದ್ಧ ನಡೆದಿದ್ದಾಗ, ಸ್ಯಾಮ್ಯುಯೆಲ್ ಕೋಲ್ಟ್ ಅಮೆರಿಕದ ಸೈನ್ಯಕ್ಕೆ ಒಂದು ಸಾವಿರ ಭಾರಿ ರಿವಾಲ್ವರುಗಳನ್ನು ಮಾಡಿಸಿಕೊಟ್ಟ. ಕ್ಯಾಪ್ಟನ್ ವಾಕರನ ಹೆಸರಿನಿಂದ ಅವು ‘ವಾಕರ್’ ಎನಿಸಿದವು. ಅವುಗಳಿಗೆ ಒಂದರಿಂದ ಸಾವಿರದವರೆಗೆ ಒಂದೇ ಎಣಿಕೆಯಿಲ್ಲ. ‘ಎ’ಯಿಂದ ‘ಇ’ವರೆಗಿನ ಐದು ತುಕಡಿಗಳಿಗೆ ಬೇರೆಬೇರೆಯಾಗಿ ಒಂದರಿಂದ ಎಣಿಕೆ ಆರಂಭವಾಗುತ್ತದೆ. ಹೀಗಾಗಿ ಅಂಕೆಯ ಜೊತೆಗಿರುವ ಅಕ್ಷರ ಸವೆದುಹೋದರೆ ಒಂದೇ ಸಂಖ್ಯೆ ಐದು ಆಯುಧಗಳಿಗೆ ಸಲ್ಲಬಹುದು. ಖಾಸಗಿಯವರಿಗೆಂದು ಮಾಡಿದ ಮತ್ತೊಂದು ನೂರಕ್ಕೆ 1001ರಿಂದ 1100ರವರೆಗಿನ ಅಂಕೆಗಳು. ಆ ನೂರರಲ್ಲಿ ಒಂದಾದ 1022, ತನ್ನ ಪೆಟ್ಟಿಗೆಯ ಸಮೇತ ಉಳಿದುಬಂದು, 2018ರ ಹರಾಜಿನಲ್ಲಿ 18 ಲಕ್ಷ 40 ಸಾವಿರ ಡಾಲರಿಗೆ ಮಾರಾಟವಾಯಿತು.

ಕೋಲ್ಟ್ ಕಾರ್ಖಾನೆ 1873ರಲ್ಲಿ ಹೊರತಂದ ‘ಸಿಂಗಲ್ ಆಕ್ಷನ್ ಆರ್ಮಿ’ ರಿವಾಲ್ವರಿನ ಎಣಿಕೆ ಇದಕ್ಕಿಂತ ಸರಳ. ಒಂದರಿಂದ ಹೊರಟ ಸಂಖ್ಯೆ 1940ರ ಸುಮಾರಿಗೆ ಮೂರೂವರೆ ಲಕ್ಷವನ್ನು ದಾಟಿತು. 1956ರಲ್ಲಿ ತಯಾರಿಕೆ ಮತ್ತೆ ಆರಂಭವಾದಾಗ ಅಂಕೆಯ ಕೊನೆಗೆ ‘ಎಸ್‌ಎ’ ಎಂಬ ಅಕ್ಷರಗಳನ್ನು ಸೇರಿಸಿದರು. ಯಾವ ವರ್ಷ ಯಾವ ಸಂಖ್ಯೆಯಿಂದ ತೊಡಗಿತೆಂಬ ಪಟ್ಟಿಯನ್ನು ಎದುರಿಗಿಟ್ಟುಕೊಂಡರೆ ಆಯುಧದ ಜನ್ಮವರ್ಷ ಹೆಚ್ಚುಕಡಿಮೆ ತಿಳಿಯುತ್ತದೆ. ಇದು ಬರಿಯ ಕುತೂಹಲದ ಸಂಗತಿಯಲ್ಲ. ಅಮೆರಿಕದ 1968ರ ಕಾಯಿದೆಯ ಪ್ರಕಾರ 1898ರೊಳಗೆ ತಯಾರಾದದ್ದು ಪುರಾತನ ವಸ್ತು, ಅನಂತರದ್ದು ಬಂದೂಕು. ಕೆಲವು ಅಂಕೆಗಳ ಅಂತರದಲ್ಲಿ ಒಂದೇ ಬಗೆಯ ಎರಡು ಆಯುಧಗಳು ಕಾನೂನಿನ ಎರಡು ದಡಗಳಲ್ಲಿ ನಿಲ್ಲುತ್ತವೆ. ಕಾರ್ಖಾನೆಯ ಹಳೆಯ ಕಡತಗಳಿಂದ ಪತ್ರ ತರಿಸಿಕೊಳ್ಳುವ ಅನುಕೂಲವೂ ಉಂಟು. ಆದರೆ ಆ ಪತ್ರ ಹೇಳುವುದು ಸರಕು ಕಾರ್ಖಾನೆಯನ್ನು ಬಿಟ್ಟ ದಿನವನ್ನು. ಅಂಕೆ ಬಿದ್ದದ್ದು ಅದಕ್ಕೆ ಎಷ್ಟೋ ಮೊದಲಿರಬಹುದು. ಕಾವ್ಯ ರಚನೆಯಾದ ಕಾಲ ಬೇರೆ, ಪ್ರತಿ ಮಾಡಿದ ಕಾಲ ಬೇರೆ ಎಂಬ ಎಚ್ಚರ ಇಲ್ಲಿಯೂ ಬೇಕು.

ಜರ್ಮನಿಯ ಸೈನ್ಯ 1908ರಲ್ಲಿ ಸ್ವೀಕರಿಸಿದ ಲ್ಯೂಗರ್ ಪಿಸ್ತೂಲಿನ ಲೆಕ್ಕ ಇನ್ನೂ ಸ್ವಾರಸ್ಯದ್ದು. ಅಲ್ಲಿ ಪ್ರತಿವರ್ಷವೂ ಎಣಿಕೆ ಒಂದರಿಂದ ಹೊಸದಾಗಿ ಹೊರಡುತ್ತದೆ. ಹತ್ತು ಸಾವಿರ ತುಂಬಿದೊಡನೆ ಮತ್ತೆ ಒಂದರಿಂದ ತೊಡಗಿ ‘ಎ’ ಅಕ್ಷರ ಸೇರಿಸುತ್ತಾರೆ; ಮುಂದಿನ ಹತ್ತು ಸಾವಿರಕ್ಕೆ ‘ಬಿ’. ಆದುದರಿಂದ ಅಂಕೆ, ಅಕ್ಷರ, ಗುಂಡಿನ ಕೋಣೆಯ ಮೇಲೆ ಒತ್ತಿದ ವರ್ಷ, ಕಾರ್ಖಾನೆಯ ಮುದ್ರೆ, ಈ ನಾಲ್ಕೂ ಕೂಡಿದಾಗಲೇ ಒಂದು ಪಿಸ್ತೂಲಿನ ಗುರುತು ಪೂರ್ಣವಾಗುತ್ತದೆ. ಕೆಲವದರ ಮೇಲೆ 1918 ಎಂಬ ವರ್ಷದೊಡನೆ 1920 ಎಂದೂ ಇರುತ್ತದೆ. ಮೊದಲ ಮಹಾಯುದ್ಧದಲ್ಲಿ ಸೋತು, ವರ್ಸೇಲ್ಸ್ ಒಪ್ಪಂದದಿಂದ ಒಂದು ಲಕ್ಷಕ್ಕೆ ಇಳಿದ ಸೈನ್ಯ ತನ್ನ ಪಾಲಿನ ಆಯುಧಗಳಿಗೆ ಹಾಕಿಕೊಂಡ ಗುರುತು ಅದು. 1934 ಮತ್ತು 1935ರಲ್ಲಿ ವರ್ಷವನ್ನೇ ಒತ್ತದೆ ‘ಕೆ’, ‘ಜಿ’ ಎಂಬ ಗೂಢಾಕ್ಷರಗಳನ್ನಷ್ಟೇ ಇಟ್ಟರು. ಒಪ್ಪಂದ ಮೀರಿ ಶಸ್ತ್ರ ಕೂಡಿಡುತ್ತಿದ್ದವರಿಗೆ ತಾರೀಖು ಬರೆಯಲು ಮುಜುಗರ. 1936ರಿಂದ ವರ್ಷ ಮತ್ತೆ ಬಹಿರಂಗವಾಗಿ ಕಾಣಿಸಿಕೊಳ್ಳುತ್ತದೆ. ಒಂದು ದೇಶದ ಸೋಲು, ಕಪಟ, ದರ್ಪಗಳು ಹೀಗೆ ಬೆರಳಗಲದ ಉಕ್ಕಿನಲ್ಲಿ ಓದಸಿಗುತ್ತವೆ.

ಇನ್ನು ಬೆಲೆಯ ಮಾತು. ಲ್ಯೂಗರಿನ ಅಂಗಗಳನ್ನು ಕೈಯಿಂದ ಹೊಂದಿಸುತ್ತಿದ್ದರು. ಒಂದರ ಅಂಗ ಇನ್ನೊಂದಕ್ಕೆ ಸರಿಯಾಗಿ ಕೂಡುತ್ತಿರಲಿಲ್ಲ. ಠಾಣ್ಯದಲ್ಲಿ ಬಿಚ್ಚಿ ಒರೆಸುವಾಗ ಅದಲುಬದಲಾಗದಿರಲೆಂದು ನಳಿಗೆಯೇ ಮೊದಲಾದ ದೊಡ್ಡ ಅಂಗಗಳ ಮೇಲೆ ಪೂರ್ಣಸಂಖ್ಯೆ, ಚಿಕ್ಕವುಗಳ ಮೇಲೆ ಕೊನೆಯ ಎರಡು ಅಂಕೆ ಒತ್ತಿದರು. ಸೈನಿಕನ ಅನುಕೂಲಕ್ಕಾಗಿ ಮಾಡಿದ ಈ ಏರ್ಪಾಟು ಇಂದು ಸಂಗ್ರಾಹಕನ ಒರೆಗಲ್ಲು. ಎಲ್ಲ ಅಂಕೆಗಳೂ ತಾಳೆಯಾದರೆ ಒಂದು ಬೆಲೆ. ಒಂದೆರಡು ಅಂಗ ಬೇರೆಯದಾದರೂ ಬೆಲೆ ಬಹಳವಾಗಿ ಕುಗ್ಗುತ್ತದೆ. ಗುಂಡು ತುಂಬುವ ಮ್ಯಾಗಜೀನಿನ ಅಂಕೆಯೂ ಹೊಂದಿದರೆ ಸಂಗ್ರಾಹಕನಿಗೆ ಹಬ್ಬ. ಸವೆದ ಮೈಯನ್ನು ಉಜ್ಜಿ, ಹೊಸದಾಗಿ ನೀಲಿಗಪ್ಪು ಬಣ್ಣ ಬರಿಸಿದರೆ ನೋಟಕ್ಕೆ ಚೆನ್ನ, ಬೆಲೆಗೆ ಕೇಡು. ಓಲೆಗರಿಯ ತ್ರುಟಿತ ಭಾಗವನ್ನು ತನ್ನ ಕವಿತಾಶಕ್ತಿಯಿಂದ ತುಂಬಿದ ಸಂಪಾದಕನನ್ನು ನಾವು ಮೆಚ್ಚುತ್ತೇವೆಯೆ?

ಬೆಲೆ ಇರುವಲ್ಲಿ ಕೂಟಕರ್ಮವೂ ಇದ್ದೇ ಇರುತ್ತದೆ. ಗಂಗರ ಹೆಸರಿನ ಹಲವು ತಾಮ್ರಪಟಗಳನ್ನು ಕೂಟವೆಂದು ಫ್ಲೀಟ್ ಸಾಹೇಬರು ತಳ್ಳಿಹಾಕಿದ್ದು ಶಾಸನ ಓದಿದವರಿಗೆ ಗೊತ್ತು. 1876ರಲ್ಲಿ ಲಿಟಲ್ ಬಿಗ್ ಹಾರ್ನ್ ಕಾಳಗದಲ್ಲಿ ಮಡಿದ ಕಸ್ಟರನ ಏಳನೆಯ ಅಶ್ವದಳಕ್ಕೆ ಹೋದ ಕೋಲ್ಟುಗಳಿಗೆ ಅಪಾರ ಬೆಲೆಯಿರುವುದರಿಂದ, ಬೇರೆಯ ಅಂಕೆಗಳನ್ನು ಅರೆದು ಹೊಸದನ್ನು ಒತ್ತುವವರು ಹುಟ್ಟಿಕೊಂಡರು. ಅಂಕೆಯ ಆಕಾರ, ಒತ್ತಿನ ಆಳ, ಸುತ್ತಲಿನ ಲೋಹದ ತಗ್ಗುಗಳಿಂದ ಪರೀಕ್ಷಕರು ಮೋಸವನ್ನು ಹಿಡಿಯುತ್ತಾರೆ; ಲಿಪಿಯ ಮೋಡಿಯಿಂದ ನಾವು ಹಿಡಿದಂತೆ. ಆದರೆ ತಾಳೆಯಾಗದ್ದೆಲ್ಲ ಸುಳ್ಳೂ ಅಲ್ಲ. 1895ರ ಬಳಿಕ ಅಮೆರಿಕದ ಸರ್ಕಾರ ಹಳೆಯ ಅಶ್ವದಳದ ಕೋಲ್ಟುಗಳ ಏಳೂವರೆ ಅಂಗುಲದ ನಳಿಗೆಯನ್ನು ಐದೂವರೆಗೆ ಕತ್ತರಿಸಿ ರಿಪೇರಿ ಮಾಡಿಸಿತು. ಅಲ್ಲಿ ಎಷ್ಟೋ ಆಯುಧಗಳ ಅಂಗಗಳು ಬೆರೆತುಹೋದವು. ಆ ಬೆರಕೆಯೂ ನಿಜವಾದ ಇತಿಹಾಸವೇ.

ಅಂಕೆ ಎಲ್ಲವನ್ನೂ ಹೇಳುತ್ತದೆಯೆ? 55093 ಎಂಬ ಕೋಲ್ಟ್ ಒಂದುಂಟು. ಅದರ ಹಿಂದಿನ, ಮುಂದಿನ ಅಂಕೆಗಳು ಅದೇ ಕಾರ್ಖಾನೆಯ ಒಡಹುಟ್ಟುಗಳು. ಆದರೆ 1881ರ ಜುಲೈ 14ರ ರಾತ್ರಿ ಪ್ಯಾಟ್ ಗ್ಯಾರೆಟ್ ಎಂಬ ಅಧಿಕಾರಿ ‘ಬಿಲ್ಲಿ ದಿ ಕಿಡ್’ ಎಂಬ ತರುಣ ದರೋಡೆಕೋರನನ್ನು ಕೊಂದದ್ದು ಈ ಒಂದರಿಂದ. 2021ರ ಹರಾಜಿನಲ್ಲಿ ಇದಕ್ಕೆ ಅರವತ್ತು ಲಕ್ಷ ಡಾಲರಿಗೂ ಮಿಕ್ಕ ಬೆಲೆ ಬಂತು. ಒಡಹುಟ್ಟುಗಳಿಗೂ ಇದಕ್ಕೂ ಉಕ್ಕಿನಲ್ಲಿ ಭೇದವಿಲ್ಲ. ಆ ಬೆಲೆ ಒಂದು ಸಾವಿಗೆ ಬಂದದ್ದು.

ಈ ವಿದ್ಯೆಯ ಶಿಸ್ತನ್ನು ನಾನು ಗೌರವಿಸುತ್ತೇನೆ. ಆದರೂ ಮನಸ್ಸು ಇಲ್ಲಿ ತಡೆಯುತ್ತದೆ. 1917ರ ಒಂದು ಲ್ಯೂಗರಿನ ಪ್ರತಿಯೊಂದು ಚಿಕ್ಕ ಅಂಗವೂ ತಾನು ಯಾವ ಪಿಸ್ತೂಲಿಗೆ ಸೇರಿದ್ದೆಂದು ಇಂದಿಗೂ ಹೇಳಬಲ್ಲುದು. ಅದೇ ಯುದ್ಧದಲ್ಲಿ ಬಿದ್ದ ಸಾವಿರಾರು ಸೈನಿಕರು ಯಾರೆಂದು ಗೊತ್ತಾಗದೆ ಹೆಸರಿಲ್ಲದ ಗೋರಿಗಳಲ್ಲಿ ಮಲಗಿದ್ದಾರೆ. ನಮ್ಮ ನಾಡಿನ ವೀರಗಲ್ಲುಗಳು ನೆನಪಾಗುತ್ತವೆ. ಬರೆಹವಿರುವ ಕಲ್ಲುಗಳಲ್ಲಿ ತುರುಗಾಳಗದಲ್ಲಿ ಸತ್ತವನ ಹೆಸರಿದೆ, ಊರಿದೆ, ಕಲ್ಲನ್ನು ನಿಲ್ಲಿಸಿದ ಬಂಧುವಿನ ಹೆಸರೂ ಇದೆ. ಅವನ ಕೈಯ ಕತ್ತಿ ಎಷ್ಟನೆಯದೆಂದು ಬರೆದಿಡಬೇಕೆಂದು ಯಾರಿಗೂ ತೋರಲಿಲ್ಲ.